ಗುರುಸಿದ್ದಪ್ಪ ಕಾಕಾನ ಬೆಳೆಯುವ ಅಕ್ಷರ

'ಹೋಗಬೇಡ' ಎಂದರೆ ಅಪ್ಪಣೆ ಕೊಟ್ಟಂತಾಗುತ್ತದೆ; 'ಹೋಗಬೇಡಿ' ಎಂದರೆ ಗುರುತಿಲ್ಲದವರಿಗೆ ಹೇಳಿದಂತಾಗುತ್ತದೆ. ಅದು ಹೇಗೋ ಇರಲಿ, ಈ ಗುಂಡು ಗುಂಡು ಅಕ್ಷರದಲ್ಲಿ ಏನು ಬರೆದರೂ ನಾಮಕರಣದ ಕರೆಯೋಲೆಯಂತೆ ಯಾಕೆ ಕಾಣುತ್ತದೆ?

ಶರಭೇಶ ಮೊಬೈಲಿನ ಸೆಟ್ಟಿಂಗಿಗೆ ಹೋಗಿ ಬೇರೊಂದು ಫಾಂಟು ಹಾಕಿ ನೋಡಿದ. ಅದೇ ಮಾತು ಈಗ 'ಇಲ್ಲಿ ಕಸ ಹಾಕಬೇಡಿ' ಎಂಬ ಫಲಕದಂತೆ ಕಂಡಿತು. ಮತ್ತೊಂದು ಹಾಕಿದ. ಔಷಧಿ ಬಾಟಲಿಯ ಎಚ್ಚರಿಕೆಯಂತಾಯಿತು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನಾದ್ದರಿಂದ, ಕೊರತೆ ಇರುವುದು ಅಕ್ಷರದಲ್ಲೋ ಬರೆದವನಲ್ಲೋ ಎಂಬ ಪ್ರಶ್ನೆಯೂ ಅವನಿಗೆ ಎದುರಾಯಿತು. ಆ ಪ್ರಶ್ನೆ ಬೇಡವೆಂದು ಇಂಟರ್‌ನೆಟ್ಟಿನಿಂದ ಇನ್ನೂ ಒಂದು ಫಾಂಟು ಇಳಿಸಿಕೊಂಡ. ಅದರೊಂದಿಗೆ ಮೊಬೈಲಿನ ಕನ್ನಡವೆಲ್ಲ ಮಾಯವಾಗಿ, ಸಾಲುಸಾಲಾಗಿ ಖಾಲಿ ಡಬ್ಬಿಗಳು ನಿಂತವು.

ಅಂದು ರವಿವಾರ. ಎದುರುಮನೆಯ ದಾಕ್ಷಾಯಣಿಯನ್ನು ನೋಡಲು ವಿಜಯಪುರದವರು ಸಂಜೆ ಬರುವವರಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ದಾಕ್ಷಾಯಣಿಗೆ ಉತ್ತರವಿಲ್ಲದ ಲೆಕ್ಕ ಕಂಡರೆ ಆಗುವುದಿಲ್ಲ. ಗುರುವಾರ ವಾಚನಾಲಯದ ಮೆಟ್ಟಿಲ ಮೇಲೆ ಶರಭೇಶನನ್ನು ತಡೆದು ನಿಲ್ಲಿಸಿದ್ದಳು.

"ಹೇಳೂದಿದ್ರ ಹೇಳು. ಅವರು ಬರೂದ್ರೊಳಗ ಏನೂ ಹೇಳ್ಲಿಲ್ಲಂದ್ರ, ನಿನ್ನ ಮೌನಾನ ಉತ್ತರ ಅಂತ ತಿಳ್ಕೊಂಡು ಅವರಿಗೆ ಹೂಂ ಅಂತೀನಿ."

ಬಾಯಿಂದ ಹೇಳಲಾಗದವನು ಬರೆದು ಕಳಿಸಲು ಹೊರಟಿದ್ದ. ಬರೆದದ್ದೂ ಈಗ ಡಬ್ಬಿಯೊಳಗೆ ಸೇರಿತ್ತು. ಬೇರೆ ದಾರಿ ಕಾಣದೆ ಮೊಬೈಲು ಹಿಡಿದು ಮುಂದಿನ ಪಡಸಾಲೆಗೆ, ಗುರುಸಿದ್ದಪ್ಪ ಕಾಕಾನ ಹತ್ತಿರ ಹೋದ.

ಈ ಕಾಕಾ, ಅಂದರೆ ಶರಭೇಶನ ತಂದೆಯ ತಮ್ಮ, ಗದಗ ಬೆಟಗೇರಿಯ ಅರ್ಧ ಅಂಗಡಿಗಳ ಬೋರ್ಡು ಬರೆದ ಪೇಂಟರು. ಬಣ್ಣದ ಬೋರ್ಡುಗಳ ಕಾಲ ಮುಗಿದ ಮೇಲೆ ವಿಜ್ಞಾನಕ್ಕೆ ಇಳಿದಿದ್ದ. ಅವನ ಹೊಸ ಯಂತ್ರ ಅಂದೇ ಸಿದ್ಧವಾಗಿತ್ತು: ಒಂದು ಬಿಸ್ಕೀಟು ಡಬ್ಬಿ, ಮುಚ್ಚಿಹೋದ ಟಾಕೀಸಿನ ಪ್ರೊಜೆಕ್ಟರಿನ ಗಾಜು, ಹಳೆಯ ಮಿಕ್ಸರಿನ ಮೋಟರು. ಬೆಳಕನ್ನು ಚಕ್ಕುಲಿ ಹಿಟ್ಟಿನ ಹಾಗೆ ನಾದಿ ಗಟ್ಟಿ ಮಾಡುವ ವಿದ್ಯೆ ತನಗೊಬ್ಬನಿಗೇ ಗೊತ್ತೆಂದು ಕಾಕಾ ಹೇಳಿಕೊಂಡ. ಮೊಬೈಲಿನ ಸಣ್ಣ ಅಕ್ಷರ ಕಾಣದೆ ಗೋಳಾಡುವ ಮುದುಕರಿಗಾಗಿ ಇದು. ಅಕ್ಷರ ಪರದೆಯಿಂದ ಹೊರಗೆ ಬಂದು, ಓದುವವರು ಓದುವ ತನಕ ಬೆಳೆಯುತ್ತದೆ. ಓದಿದ ಕೂಡಲೇ ಅಡಗುತ್ತದೆ.

ಪ್ರಯೋಗಕ್ಕೆ ಅವನ ತಾಯಿ, ಶರಭೇಶನ ಆಯಿ, ಎಲೆಅಡಿಕೆ ಡಬ್ಬಿ ಸಮೇತ ಬಂದು ಕೂತಳು. ಅವಳ ಮೊಬೈಲಿಗೆ ಮಗಳು ಕಳಿಸಿದ್ದ ಸಂದೇಶ ಗಾಜಿನಿಂದ ಒಂದೊಂದೇ ಅಕ್ಷರವಾಗಿ ಹೊರಬಿದ್ದು, ಗೋಡೆಗೆ ಅಂಟಿ, ನಿಂಬೆಕಾಯಿಯಿಂದ ಕುಂಬಳಕಾಯಿಯಷ್ಟಾಯಿತು. ಆಯಿ ಔಷಧಿಯ ಚೀಟಿಯನ್ನೂ ಪುರಾಣದ ಧಾಟಿಯಲ್ಲಿ ಓದುವವಳು. "ಹಪ್ಪಳಾ ಮುಟ್ಟಿದವೂ, ಉಪ್ಪು ಜಾಸ್ತೀ" ಎಂದು ರಾಗವಾಗಿ ಓದಿದಳು. ಅಕ್ಷರಗಳು ವಿನಯದಿಂದ ಕುಗ್ಗಿ ಡಬ್ಬಿಗೆ ಮರಳಿದವು.

"ಉಪ್ಪು ಜಾಸ್ತಿ ಅಂತ. ಮುಂದಿನ ಸಲ ಬರೇ ಉಪ್ಪ ಕಳಸ್ತೀನಿ," ಎಂದಳು ಆಯಿ.

ಕಾಕಾ ಹಿಗ್ಗಿ ಹೀರೇಕಾಯಿಯಾದ. ಅದೇ ಹಿಗ್ಗಿನಲ್ಲಿ ಶರಭೇಶನ ಮೊಬೈಲು ಕಸಿದು ಯಂತ್ರಕ್ಕೆ ಸಿಕ್ಕಿಸಿದ. ಕೆಟ್ಟ ಫಾಂಟು ಕಕ್ಕಿಸಿ ಹೊಸದನ್ನು ತುಂಬುವುದು ನಿಮಿಷದ ಕೆಲಸವೆಂದ. ಶರಭೇಶ ಬೇಡ ಎನ್ನಲು ಮಾತು ಹುಡುಕುತ್ತಿದ್ದಾಗಲೇ ಯಂತ್ರ ಗುರುಗುಟ್ಟಿ, ಕಳಿಸದೆ ಉಳಿದಿದ್ದ ಸಂದೇಶವನ್ನೇ ಹೊರಗೆ ಎಳೆಯಿತು. ಮೊದಲು ಬಂದದ್ದು ಡಬ್ಬಿಗಳು. ಕಾಕಾ ಒಂದು ಗುಂಡಿ ತಿರುವಿದ. ಡಬ್ಬಿಗಳು ಅಂಗಡಿಯ ಶಟರಿನ ಹಾಗೆ ತೆರೆದುಕೊಂಡು ಅಕ್ಷರಗಳಾದವು. 'ಕ್ಷಾ'ದ ಅರ್ಧ ಭಾಗ ಮಾತ್ರ ಕಳಚಿ ಆಯಿಯ ಎಲೆಅಡಿಕೆ ಡಬ್ಬಿಯಲ್ಲಿ ಬಿತ್ತು. ಆಯಿ ಅದನ್ನು ಸುಣ್ಣವೆಂದು ತಿಳಿದು ಎಲೆಗೆ ಹಚ್ಚಿಕೊಳ್ಳುವುದರಲ್ಲಿದ್ದಳು. ಕಾಕಾ ಕಿತ್ತುಕೊಂಡು ಸ್ವಸ್ಥಾನದಲ್ಲಿ ಒತ್ತಿದ.

'ದಾಕ್ಷಾಯಣಿ, ಹೋಗಬೇಡಿ.'

ಕಾಕಾ ಅದನ್ನು ನೋಡಿದನೇ ಹೊರತು ಓದಲಿಲ್ಲ. ಆಯುಷ್ಯವೆಲ್ಲ ಅಕ್ಷರದ ಆಕಾರ ತಿದ್ದಿದವನು ಅರ್ಥದ ಗೋಜಿಗೆ ಹೋಗುವುದಿಲ್ಲ. 'ಬೇ'ಯ ಹೊಟ್ಟೆ ಸ್ವಲ್ಪ ದಪ್ಪವಾಯಿತೆಂದಷ್ಟೇ ಹೇಳಿದ. ಆಯಿ ರಾಗವಾಗಿ ಓದಿದಳು, ಆಮೇಲೆ ಮೊಮ್ಮಗನ ಮುಖ ನೋಡಿದಳು. ಅಕ್ಷರ ಅಡಗಲಿಲ್ಲ. ಬರೆದವರು ಇಲ್ಲವೇ ಯಾರಿಗೆ ಬರೆದದ್ದೋ ಅವರು ಓದಿದರೆ ಮಾತ್ರ ಅದು ಬಗ್ಗುತ್ತದೆಂದು ಕಾಕಾ ಆಗ ವಿವರಿಸಿದ. ವಿವರಣೆ ಮುಗಿಯುವುದರೊಳಗೆ 'ದಾಕ್ಷಾಯಣಿ' ಜಂತಿಗೆ ತಾಗಿತ್ತು. 'ಹೋಗಬೇಡಿ' ಒಳಗೆ ಜಾಗ ಸಾಲದೆ ಕಿಟಕಿಯಿಂದ ಬೀದಿಗೆ ಇಳಿದಿತ್ತು.

ಕಾಕಾ ವೈರು ಕಿತ್ತ. ಗಟ್ಟಿಯಾದ ಬೆಳಕಿಗೆ ವೈರಿನ ಹಂಗಿರಲಿಲ್ಲ. ಬೀದಿಯ ಪಾರಿವಾಳಗಳು 'ಹೋ'ದ ಬಾಲದ ಮೇಲೆ ಸಾಲಾಗಿ ಕೂತವು. ಪಕ್ಕದ ಮನೆಯಾಕೆ, ಹೇಗೂ ಎದುರಿಗೇ ಬಂದಿದೆಯಲ್ಲ ಎಂದು, 'ಗ'ದ ಮೇಲೆ ಒದ್ದೆ ಸೀರೆ ಹರವಿದಳು. ಟಂಟಂ ಓಡಿಸುವವನೊಬ್ಬ ಗಾಡಿ ನಿಲ್ಲಿಸಿ, 'ಡಿ'ಯ ಕಾಲು ಸ್ವಲ್ಪ ಮೇಲೆತ್ತಿದರೆ ತಾನು ದಾಟಿಹೋಗುವುದಾಗಿ ಕೇಳಿಕೊಂಡ.

ಫಾಂಟು ಬದಲಿಸಿದರೆ ಅಕ್ಷರ ಸಣ್ಣದಾದೀತೆಂದು ಕಾಕಾ ಮತ್ತೊಂದು ಗುಂಡಿ ತಿರುವಿದ. ಸಣ್ಣದಾಗಲಿಲ್ಲ, ಬಳ್ಳಿ ಬಳ್ಳಿಯಾಗಿ ಲಗ್ನಪತ್ರಿಕೆಯ ಅಕ್ಷರವಾಯಿತು. ಊಟ ಎಷ್ಟು ಹೊತ್ತಿಗೆಂದು ಇಬ್ಬರು ಬಂದು ವಿಚಾರಿಸಿದರು. ಕಾಕಾ ಗಾಬರಿಯಿಂದ ಇನ್ನೊಮ್ಮೆ ತಿರುವಿದ. ಈಗ ಕೆಂಪು ಬಣ್ಣದ ದಪ್ಪ ಸರ್ಕಾರಿ ಅಕ್ಷರ. ಬೀದಿಗೆ ಅಡ್ಡವಾಗಿ, ಮಾಳಿಗೆಯೆತ್ತರಕ್ಕೆ, 'ಹೋಗಬೇಡಿ' ಎಂದು ನಿಂತಿತು. ಕೂಡಲೇ ಸೈಕಲ್ಲು, ಎಮ್ಮೆ, ಹಾಲಿನ ಗಾಡಿ ಎಲ್ಲ ನಿಂತವು. ಬೀದಿಯ ಬಾಯಲ್ಲಿ ಅವುಗಳ ಹಿಂದೆ ವಿಜಯಪುರದವರ ಜೀಪೂ ನಿಂತಿತು. ಒಳಗೆ ಕೂತಿದ್ದ ಹಿರಿಯರು ರಸ್ತೆ ಬಂದಾಗಿದೆಯೆಂದು ನಿರ್ಧರಿಸಿ, ಇಳಿದು ಹತ್ತಿರದ ಚಹಾದಂಗಡಿಗೆ ಹೋಗಿ ಮಿರ್ಚಿ ಗಿರ್ಮಿಟ್ಟಿಗೆ ಹೇಳಿದರು.

ಸದ್ದು ಕೇಳಿ ದಾಕ್ಷಾಯಣಿ ತನ್ನ ಮಾಳಿಗೆಯ ಮೇಲೆ ಬಂದಳು. ಉಟ್ಟಿದ್ದ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಅಕ್ಷರಗಳನ್ನು ಎಡದಿಂದ ಬಲಕ್ಕೆ ನೋಡಿದಳು. ಹೆಸರು ಶರಭೇಶನ ಮನೆಯೊಳಗೆ ಸಿಕ್ಕಿಕೊಂಡಿದ್ದರೂ 'ಯಣಿ' ಕಿಟಕಿಯಿಂದ ಇಣುಕುತ್ತಿತ್ತು. ಮನಸ್ಸಿನಲ್ಲೇ ಓದಿಕೊಂಡಳು. ಅಕ್ಷರ ಬೆಳೆಯುತ್ತಲೇ ಇತ್ತು.

ಕಾಕಾನಿಗೆ ತನ್ನ ತಪ್ಪು ಹೊಳೆದದ್ದು ಆಗ. ಯಂತ್ರಕ್ಕೆ ಓದು ಎಂದರೇನೆಂದು ಕಲಿಸಿದ್ದು ಆಯಿಯೊಬ್ಬಳಿಂದಲೇ. ಜನ ಬಾಯಿ ಮುಚ್ಚಿಕೊಂಡು ಓದುತ್ತಾರೆಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ಕೈಮುಗಿದು ದಾಕ್ಷಾಯಣಿಗೆ ಕೂಗಿ ಹೇಳಿದ, ದೊಡ್ಡ ದನಿಯಲ್ಲಿ ಓದವ್ವ, ಇಲ್ಲದಿದ್ದರೆ ಎರಡೂ ಮನೆಯ ಗೋಡೆ ಉಳಿಯುವುದಿಲ್ಲ ಎಂದು.

"ನಾ ಯಾಕ ಓದ್ಲಿ ಕಾಕಾ?" ಎಂದಳು ದಾಕ್ಷಾಯಣಿ. "ಬರದವರ ಬಾಯಿಗೆ ಏನಾಗೇತಿ?"

ಇಡೀ ಬೀದಿ ಶರಭೇಶನತ್ತ ತಿರುಗಿತು. ಎಮ್ಮೆಯೂ ತಿರುಗಿತು. ಅವನು ಕಟ್ಟೆಯ ಮೇಲೆ ಬಂದು ನಿಂತ. ಒಂದೇ ಮಾತು, ಅದೂ ಕಣ್ಣೆದುರಿಗೆ ಮಾಳಿಗೆಯೆತ್ತರಕ್ಕೆ ಬರೆದೇ ಇದೆ, ನೋಡಿ ಹೇಳಿದರೆ ಸಾಕು. ಅವನು ಬಾಯಿ ತೆರೆದ. ತುಟಿ ಅಲುಗಿತು. ದಾಕ್ಷಾಯಣಿಯ ಮಾಳಿಗೆಯ ಒಂದು ಹೆಂಚು ಪಟ್ಟೆಂದು ಸೀಳಿತು.

"ಚಹಾ ಕುಡೀತಿಯೇನು?" ಎಂದ ಶರಭೇಶ.

ಬೀದಿಯೆಲ್ಲ ನಗೆಯಲ್ಲಿ ಮುಳುಗಿತು. ಪಾರಿವಾಳಗಳು ಎದ್ದವು. ಆಯಿ ಹಣೆ ಬಡಿದುಕೊಂಡಳು. ದಾಕ್ಷಾಯಣಿಯೂ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, ಹಾಜರಿ ಕರೆಯುವ ಗಟ್ಟಿ ದನಿಯಲ್ಲಿ, ಬೀದಿಯ ಬಾಯಿಯವರೆಗೂ ಕೇಳುವಂತೆ ಓದಿದಳು:

"ದಾಕ್ಷಾಯಣಿ, ಹೋಗಬೇಡಿ." ಓದಿ ಉಸಿರು ತೆಗೆದುಕೊಂಡಳು. "ಹೋಗೂದಿಲ್ಲ. ನನಗ ಯಾವಾಗಿಂದ ರೀ ಹಚ್ಚಾಕ ಹತ್ತೀಪಾ? ಚಹಾಕ್ಕ ಶುಂಠಿ ಹಾಕು, ಬಂದೆ."

ಅಷ್ಟು ಬೆಳೆದ ಅಕ್ಷರಕ್ಕೆ ಡಬ್ಬಿಗೆ ಮರಳಲು ಆಗಲಿಲ್ಲ. ನಿಂತಲ್ಲೇ ಕೆಂಪು ಕಳೆದುಕೊಂಡು ಬಿಳಿಯ ಪುಡಿಯಾಗಿ ಉದುರಿತು. ಹೆಂಗಸರು ಅದನ್ನು ಬಾಚಿಕೊಂಡು ಹೋಗಿ ವಾರವಿಡೀ ರಂಗೋಲಿ ಹಾಕಿದರು. ಬಿಸಿಲು ಬಿದ್ದರೆ ಆ ರಂಗೋಲಿ ತಾನಾಗಿಯೇ ಮೊಳಕಾಲೆತ್ತರ ಬೆಳೆಯುತ್ತಿತ್ತು. ಮನೆಯವರು ಅದನ್ನು ದಾಟಿಕೊಂಡು ಹೋಗಬೇಕಾಗುತ್ತಿತ್ತು. ವಿಜಯಪುರದವರು ಗಿರ್ಮಿಟ್ಟು ಮುಗಿಸಿ, ವಿಷಯ ತಿಳಿದು, ಖಾರ ಚೆನ್ನಾಗಿತ್ತೆಂದು ಹೇಳಿ ಜೀಪು ತಿರುಗಿಸಿದರು. ವರ ಮಾತ್ರ ಅಕ್ಷರ ಉದುರುವ ಮುಂಚೆ ಒಂದು ಫೋಟೊ ತೆಗೆದುಕೊಂಡಿದ್ದ. ಅವನಿಗೂ ಅದನ್ನು ಯಾರಿಗೋ ಕಳಿಸುವುದಿತ್ತಂತೆ.

ಕಾಕಾ ಯಂತ್ರವನ್ನು ಅಟ್ಟಕ್ಕೆ ಹಾಕಿದ. ದೋಷ ಯಂತ್ರದ್ದಲ್ಲ, 'ಬೇ'ಯ ಹೊಟ್ಟೆ ದಪ್ಪವಾದದ್ದೇ ಮೂಲ ಎಂದು ಅವನ ವಾದ.

ಮಾರ್ಗಶಿರದಲ್ಲಿ ದಾಕ್ಷಾಯಣಿಗೂ ಶರಭೇಶನಿಗೂ ಮದುವೆಯಾಯಿತು. ಅವಳು ಎಲ್ಲಿಗೂ ಹೋಗಲಿಲ್ಲ. ಹೋಗಬೇಡ ಎಂದು ಶರಭೇಶ ಬಾಯಿಬಿಟ್ಟು ಹೇಳಲೂ ಇಲ್ಲ.