ಅಪ್ಪ ಬಡಿದ ಪಟ್ಟಿ, ಕಂಪನಿ ಕೊಡದ ವಾರಂಟಿ

ಇಂದ,
ಲಕ್ಷ್ಮಣಾಚಾರಿ ಬಿನ್ ಪುಟ್ಟಸ್ವಾಮಾಚಾರಿ,
ಕುಲುಮೆ ಬೀದಿ, ಬೂಕನಕೆರೆ, ಕೃಷ್ಣರಾಜಪೇಟೆ ತಾಲ್ಲೂಕು.

ಗೆ,
ವಾರಂಟಿ ವಿಭಾಗದ ಮುಖ್ಯಸ್ಥರು,
ನಾನು ಲಾರಿ ಕೊಂಡ ಶೋರೂಮು.

ವಿಷಯ: ಬಾಡಿಗೆ ಲಾರಿಗೆ ವಾರಂಟಿ ನಿರಾಕರಿಸಿದ ತಮ್ಮ ಪತ್ರದ ಬಗ್ಗೆ.

ಉಲ್ಲೇಖ: ೧) ಸದರಿ ಪತ್ರ. ೨) ನಾನು ಮನೆಗೆ ಬರುವ ಮೊದಲೇ ಅದನ್ನು ಒಡೆದು ಓದಿದ ನಮ್ಮಪ್ಪ.

ಮಾನ್ಯರೇ,

೧. ನಾನು ತೆಂಗಿನಕಾಯಿ ಸಾಗಿಸುವ ಚಿಕ್ಕ ಲಾರಿಯ ಮಾಲೀಕ ಹಾಗೂ ಚಾಲಕ. ಎಷ್ಟು ತೂಕ ಹೇರಬೇಕೆಂದು ತಮ್ಮ ಪುಸ್ತಕದಲ್ಲಿದೆ. ನಾಗಮಂಗಲದ ತೋಟದವರು ಆ ಪುಸ್ತಕ ಓದಿಲ್ಲವಾದ ಕಾರಣ, ಹಾಗೂ "ಇನ್ನೊಂದ್ ನೂರ್ ಕಾಯಿ ಇಡೀತದೆ ಬುಡಣ್ಣ" ಎಂಬುದು ಅವರ ಸಾರ್ವಕಾಲಿಕ ಅಭಿಪ್ರಾಯವಾದ ಕಾರಣ, ಲಾರಿಯ ಹಿಂಭಾಗ ಕುಸಿಯುತ್ತಿತ್ತು.

೨. ಇದನ್ನು ಕಂಡ ನನ್ನ ತಂದೆ "ಏನ್ಲಾ ಇದು, ಗಬ್ಬದ ಎಮ್ಮೆ ಕುಂತಂಗೆ ಕುಂತೈತೆ?" ಎಂದರು. ಅವರು ಕಮ್ಮಾರರು. ಊರಿನ ಎತ್ತಿನಗಾಡಿಗಳು ಮೂಲೆ ಸೇರಿದ ಮೇಲೆ ಆರು ವರ್ಷ ಕುಲುಮೆ ಹಚ್ಚಿರಲಿಲ್ಲ. ಟಿವಿಯಲ್ಲಿ ಅಡುಗೆ ನೋಡಿ, ನನ್ನ ಹೆಂಡತಿ ಅರ್ಪಿತಳ ಸಾರಿಗೆ ತಪ್ಪು ಹಿಡಿಯುವುದೇ ಅವರ ಪೂರ್ಣಾವಧಿ ಉದ್ಯೋಗವಾಗಿತ್ತು. ಅಂದು ಎದ್ದು ಕುಲುಮೆ ಹಚ್ಚಿಯೇ ಬಿಟ್ಟರು. ಹಳೇ ಉಕ್ಕು ಕಾಯಿಸಿ, ಬಡಿದು, ಹದ ಕೊಟ್ಟು, ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಸ್ಪ್ರಿಂಗ್ ಕಮಾನುಗಳಿಗೆ ಒಂದೊಂದು ಪಟ್ಟಿ ಹೆಚ್ಚುವರಿಯಾಗಿ ಕೂರಿಸಿದರು. ಲಾರಿ ನೆಟ್ಟಗೆ ನಿಂತಿತು. ಎರಡು ಮುದ್ದೆ ಉಂಡರು. ಸಾರಿನ ಬಗ್ಗೆ ಚಕಾರ ಎತ್ತಲಿಲ್ಲ.

೩. ಸುದ್ದಿ ಹರಡಿ ಜನ ಕುಡುಗೋಲು, ಮಚ್ಚು ಹಿಡಿದು ಬರತೊಡಗಿದರು. ಬಂದವರೆಲ್ಲ ಮೊದಲು ಲಾರಿಯ ಕೆಳಗೆ ಬಗ್ಗಿ ಪಟ್ಟಿ ನೋಡತಕ್ಕದ್ದೆಂದು ಅಪ್ಪನ ಆದೇಶವಿತ್ತು.

೪. ಹೀಗಿರುವಲ್ಲಿ, ಕಳೆದ ತಿಂಗಳು ಮೇಲುಕೋಟೆ ಏರಿನಲ್ಲಿ ಗೇರ್‌ಬಾಕ್ಸ್ ಹೋಯಿತು. "ಹೊರಗಿನವರು ಕೂರಿಸಿದ ಪಟ್ಟಿಯಿಂದಾಗಿ ಅತಿಭಾರ ಬಿದ್ದು ಹಾಳಾಗಿದೆ, ಆದ್ದರಿಂದ ವಾರಂಟಿ ಅನ್ವಯಿಸದು" ಎಂದು ತಾವು ಅಚ್ಚಗನ್ನಡದಲ್ಲಿ ಬರೆದಿರಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ಅರ್ಜಿಯ ಅಗತ್ಯವೇ ಬೀಳುತ್ತಿರಲಿಲ್ಲ.

೫. ಅಪ್ಪ ಎರಡು ಸಲ ಓದಿದರಂತೆ. ನಾನು ಬಂದೊಡನೆ "ಕಂಪ್ನಿಯೋರೇ ಬರ್ದವ್ರೆ ಅಂದ್ಮೇಲೆ ತಪ್ಪು ನಂದೇ ಕಣ್ಲಾ. ನಿನ್ ಅನ್ನುಕ್ಕೇ ಕಲ್ಲಾಕ್ಬುಟ್ಟೆ" ಎಂದು ಕುಲುಮೆಗೆ ಒಂದು ಕೊಡ ನೀರು ಸುರಿದರು. ನೇಗಿಲ ಗುಳ ತಂದಿದ್ದ ಕೆಂಪಣ್ಣನಿಗೆ "ನನ್ ಕೈ ಕೆಟ್ಟೋಗೈತೆ, ಬ್ಯಾರೆ ಕಡೆ ಓಗಪ್ಪ" ಎಂದುಬಿಟ್ಟರು. ಗೇರ್‌ಬಾಕ್ಸ್ ಹೋದಾಗ ಬಾರದ ಅಳು ನನಗೆ ಆಗ ಬಂತು, ಮಾನ್ಯರೇ. ಕುಲುಮೆ ಇನ್ನೂ ಆರಿಯೇ ಇದೆ.

ಆದ್ದರಿಂದ, ವಾರಂಟಿಯನ್ನು ತಾವೇ ಇಟ್ಟುಕೊಳ್ಳಿ, ಗೇರ್‌ಬಾಕ್ಸ್ ನಾನೇ ಮಾಡಿಸಿಕೊಳ್ಳುತ್ತೇನೆ. ತಾವು ಕಾರಣವನ್ನಷ್ಟೇ ಬದಲಿಸಿ, "ಪಟ್ಟಿ ಗಟ್ಟಿಯಾಗಿದೆ. ಚಾಲಕನಿಗೆ ಓಡಿಸಲು ಬರುವುದಿಲ್ಲ" ಎಂದು ಬರೆದು, ಮೊಹರು ಒತ್ತಿ, ಅಪ್ಪನ ಹೆಸರಿಗೇ ಅಂಚೆಗೆ ಹಾಕಬೇಕಾಗಿ ಕೋರಿಕೆ. ಸುಳ್ಳು ಬರೆದಂತಾಗುತ್ತದೆಂಬ ಅಳುಕು ಬೇಡ. "ಯಾವಾಗ್ ನೋಡುದ್ರೂ ಕ್ಲಚ್ ಸರ್ಯಾಗ್ ತುಳೀದೇ ಗೇರ್ ಎಳೀತೀರಿ, ಗೇರ್‌ಬಾಕ್ಸ್ ಓಗ್ದೆ ಇನ್ನೇನಾಯ್ತದೆ?" ಎಂದು ಅರ್ಪಿತ ಲಿಖಿತ ಹೇಳಿಕೆ ಕೊಡಲು ತುದಿಗಾಲಲ್ಲಿ ನಿಂತಿದ್ದಾಳೆ.

ವಾರಂಟಿ ಇಲ್ಲದೆಯೂ ತಮ್ಮ ವಿಶ್ವಾಸಿ,
ಲಕ್ಷ್ಮಣಾಚಾರಿ

ಲಗತ್ತು:
೧) ತಮ್ಮ ಪತ್ರ (ಅಪ್ಪ ಮಡಿಚಿ ಮಡಿಚಿ ಸವೆದಿದೆ).
೨) ಪಟ್ಟಿಯ ಫೋಟೊ, ನಾಲ್ಕು ಕಡೆಯಿಂದ.

ವಿ.ಸೂ.: ನನ್ನನ್ನು ಬೈಯಲು ಜಾಗ ಸಾಲದಿದ್ದಲ್ಲಿ ಹಾಳೆಯ ಹಿಂಬದಿಯನ್ನೂ ಬಳಸಿಕೊಳ್ಳಬಹುದು.