ನಲವತ್ತೈದು ಸೆಂಟಿಮೀಟರಿನೊಳಗಿನ ಆತ್ಮರಕ್ಷಣೆ

ಸಾರಿಗೆ ಸಂಸ್ಥೆಯ ಕಳೆದುಹೋದ ವಸ್ತುಗಳ ಶಾಖೆಯಲ್ಲಿ ನೌಕರರ ಮೇಲೆ ನಡೆಯುವ ಹಲ್ಲೆಗಳೆಲ್ಲವೂ ಹತ್ತಿರದಿಂದಲೇ ನಡೆಯುತ್ತವೆ ಎಂಬುದನ್ನು ಮೂವರು ಸದಸ್ಯರ ಸಮಿತಿಯೊಂದು ಹನ್ನೊಂದು ತಿಂಗಳು ಅಧ್ಯಯನ ನಡೆಸಿ, ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಿತು.

ಅಧ್ಯಯನಕ್ಕೆ ಕಾರಣ ಛತ್ರಿ ಅಕ್ಕನ ಬಲಗೈ. ಐವತ್ತೆರಡು ವರ್ಷದ ಈ ಗುಮಾಸ್ತೆ ಹತ್ತೊಂಬತ್ತು ವರ್ಷಗಳಿಂದ, ಜನ ಬಸ್ಸಿನಲ್ಲಿ ಮರೆತುಹೋದ ಛತ್ರಿ, ಪೆಟ್ಟಿಗೆ, ಒಂಟಿ ಚಪ್ಪಲಿಗಳಿಗೆ ಚೀಟಿ ಕಟ್ಟಿ ಕಾಯುತ್ತಿದ್ದಳು. ಒಂದು ದಿನ ಒಂದೇ ಕರಿ ಛತ್ರಿಗೆ ಇಬ್ಬರು ಹಕ್ಕುದಾರರು ಬಂದರು. “ಹಿಡಿಯ ಬಣ್ಣ ಹೇಳಿ” ಎಂದು ಕೇಳಿದ್ದೇ ತಪ್ಪಾಯಿತು. ಒಬ್ಬ ಅವಳ ಮಣಿಕಟ್ಟು ಹಿಡಿದು ಹಿಂಡಿಬಿಟ್ಟ. ಬೆರಳಿನ ಗುರುತು ನಾಲ್ಕು ದಿನಕ್ಕೆ ಮಾಸಿತು. ಹೆದರಿಕೆ ಮಾಸಲಿಲ್ಲ. ಯಾರಾದರೂ ಕೌಂಟರಿನ ಮೇಲೆ ಜೋರಾಗಿ ಕೈ ಊರಿದರೆ ಸಾಕು, ಅವಳ ಎರಡೂ ಕೈಗಳು ತಾವಾಗಿಯೇ ಮಡಿಲಿಗೆ ಇಳಿದು ಕೂರುತ್ತಿದ್ದವು.

ಸುತ್ತೋಲೆ ಬಂತು: ‘ಕೌಂಟರ್ ನೌಕರರು ಪ್ರತಿ ಗುರುವಾರ ಒಂದು ಗಂಟೆ ಕಾಲ ಸಮೀಪದ ಕರಾಟೆಯನ್ನು ಕಲಿಯತಕ್ಕದ್ದು.’

ಕಲಿಸಲು ಬಂದ ಮೇಷ್ಟ್ರು ಕಡ್ಡಿಯಂಥ ಮುದುಕರು. ಮೊದಲ ದಿನ ಕಾವಲುಗಾರ ಅವರನ್ನು ನಲ್ಲಿ ರಿಪೇರಿಯವರೆಂದು ತಿಳಿದು ನೇರ ಶೌಚಾಲಯಕ್ಕೆ ಕರೆದೊಯ್ದ. ಮೇಷ್ಟ್ರು ನಲ್ಲಿ ಸರಿಮಾಡಿ, ಕೈ ಒರೆಸಿಕೊಂಡು ತರಗತಿಗೆ ಬಂದರು.

“ಕಾಲೆತ್ತಿ ತಲೆಗೆ ಒದೆಯೋದೆಲ್ಲ ನಾನು ಕಲಿಸಲ್ಲ,” ಎಂದರು. “ಅದಕ್ಕೆ ಜಾಗ ಬೇಕು. ಇಲ್ಲಿ ಛತ್ರಿ ಬಿಟ್ರೆ ಜಾಗ ಎಲ್ಲಿದೆ? ಕೈ ಹಿಡಿದವನ ಹೆಬ್ಬೆರಳು ಎಲ್ಲಿದೆ ನೋಡ್ಕೊಳ್ಳಿ. ಹಿಡಿತ ಸಡಿಲ ಇರೋದು ಅಲ್ಲೇ. ಆ ಕಡೆಗೆ ಮಣಿಕಟ್ಟು ತಿರುಗಿಸಿ ಕಿತ್ಕೊಳ್ಳಿ. ಹಿಂದೆ ಸರೀಬೇಡಿ, ಅವನ ಕಡೆಗೇ ನುಗ್ಗಿ. ಅಂಗೈ ಬುಡದಿಂದ ಗಲ್ಲಕ್ಕೆ ಒಂದು. ಜೋರಾಗಿ ಕೂಗಿ. ಆಮೇಲೆ ಓಡಿ.”

“ಓಡೋದೂ ಕರಾಟೆನಾ ಮೇಷ್ಟ್ರೇ?” ಅಕ್ಕ ಕೇಳಿದಳು.

“ಅದೇ ಮುಖ್ಯ ಕಣಮ್ಮ. ಸಂಜೆ ನೆಟ್ಟಗೆ ಮನೆಗೆ ಹೋದ್ರೆ ನೀವೇ ಗೆದ್ದ ಹಾಗೆ.”

ಶಾಖೆಯ ಅಧೀಕ್ಷಕರು, ಎಲ್ಲರ ಬಾಯಲ್ಲಿ ಸಾಹೇಬರು, ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡರು. ಮುಂದಿನ ಗುರುವಾರದೊಳಗೆ ನಿಯಮಾವಳಿ ಸಿದ್ಧವಾಯಿತು. ಓಡುವವರು ಅರ್ಧ ದಿನದ ರಜೆ ಬರೆದು ಓಡತಕ್ಕದ್ದು. ಕೂಗು ಪಕ್ಕದ ಕೋಣೆಗೆ ಕೇಳಿಸದಷ್ಟು ಜೋರಾಗಿರತಕ್ಕದ್ದು. ಹಲ್ಲೆ ನಡೆಸುವವರು ನಮೂನೆ ಏಳರಲ್ಲಿ ಹೆಸರು, ವಿಳಾಸ ಮತ್ತು ಹಲ್ಲೆಯ ಉದ್ದೇಶವನ್ನು ತುಂಬಿ ಸಹಿ ಮಾಡತಕ್ಕದ್ದು. ತುರ್ತು ಸಂದರ್ಭದಲ್ಲಿ ಹಲ್ಲೆ ಮುಗಿದ ಕೂಡಲೇ. ‘ಸಮೀಪ’ ಎಂದರೆ ನಲವತ್ತೈದು ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ. ಅಳತೆಯನ್ನು ಇಲಾಖೆಯ ಸ್ಕೇಲಿನಿಂದಲೇ ತೆಗೆಯತಕ್ಕದ್ದು.

ಇಲ್ಲೊಂದು ತೊಡಕು ಎದುರಾಯಿತು. ಕೌಂಟರಿನ ಹಲಗೆಯ ಅಗಲವೇ ಅರವತ್ತು ಸೆಂಟಿಮೀಟರ್ ಇತ್ತು. ಆಚೆ ನಿಂತ ಯಾರೂ ನಿಯಮದ ಪ್ರಕಾರ ಸಮೀಪಕ್ಕೆ ಬರಲು ಸಾಧ್ಯವಿರಲಿಲ್ಲ. ನೌಕರರ ಸುರಕ್ಷತೆಯ ದೃಷ್ಟಿಯಿಂದ ಸಾಹೇಬರು ಬಡಗಿಯನ್ನು ಕರೆಸಿ, ಹಲ್ಲೆ ಮಾಡುವವರಿಗೆ ಅನುಕೂಲವಾಗುವಂತೆ ಹಲಗೆಯನ್ನು ಅರ್ಧಚಂದ್ರಾಕಾರದಲ್ಲಿ ಕೊಯ್ಯಿಸಿದರು. ಪ್ರಯಾಣಿಕರು ಮೆಚ್ಚಿಕೊಂಡರು. ಹೊಟ್ಟೆಯಿದ್ದವರಿಗಂತೂ ನಿಲ್ಲಲು ಬಹಳ ಹಿತವಾಯಿತು.

ಅಕ್ಕನಿಗೆ ನಿಯಮಗಳಿಗಿಂತ ಹೆಬ್ಬೆರಳಿನದೇ ಧ್ಯಾನ. ಗಡಿಯಾರ ರಿಪೇರಿ ಮಾಡುವ ಗಂಡನ ಮುಂದೆ ದಿನಾ ಕೈ ಚಾಚುತ್ತಿದ್ದಳು.

“ರೀ, ಕೈ ಹಿಡೀರಿ.”

“ಇಪ್ಪತ್ತೆಂಟು ವರ್ಷದ ಹಿಂದೆನೇ ಹಿಡಿದಾಯ್ತಲ್ಲೇ.”

“ಹಾಗಲ್ಲ, ಕಳ್ಳನ ಥರ ಬಿಗಿಯಾಗಿ ಹಿಡೀರಿ.”

“ನೋವಾದ್ರೆ?”

“ಯಾರಿಗೆ ಅಂತ ಆಮೇಲೆ ನೋಡೋಣ.”

ಮೊದಲ ವಾರ ಅವಳಿಗೆ ಕೈ ಬಿಡಿಸಿಕೊಳ್ಳಲಾಗಲಿಲ್ಲ. ಎರಡನೇ ವಾರ ಗಂಡನೇ ಪಾಪವೆಂದು ಬಿಟ್ಟ. ಆರನೇ ವಾರ ಅವನ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ಹಾರಿ ಹಾಲಿನ ಪಾತ್ರೆಗೆ ಬಿತ್ತು. ಅವತ್ತು ಇಬ್ಬರೂ ಹಾಲು ಸೋಸಿಕೊಂಡು ಕುಡಿದರು.

ಏಳನೇ ವಾರದ ಸೋಮವಾರ ಹನ್ನೊಂದು ಗಂಟೆಗೆ, ಬಾಗಿಲಿನಷ್ಟು ಅಗಲದ ಒಬ್ಬ ಮನುಷ್ಯ ಬಂದು ಕಂದು ಪೆಟ್ಟಿಗೆಯೊಂದು ತನ್ನದೆಂದ.

“ಒಳಗೆ ಏನಿದೆ ಹೇಳಿ.”

“ಬಟ್ಟೆ. ಇನ್ನೇನಿರುತ್ತೆ?”

ಒಳಗಿದ್ದದ್ದು ದಂತವೈದ್ಯರ ಬಳಿ ಇರುವಂಥ ಮೂವತ್ತು ಜೊತೆ ಹಲ್ಲಿನ ಅಚ್ಚು. ಅಕ್ಕ ಆಗುವುದಿಲ್ಲವೆಂದಳು. ಆತ ಅರ್ಧಚಂದ್ರದೊಳಕ್ಕೆ ನುಗ್ಗಿ ಅವಳ ಬಲಗೈ ಹಿಡಿದ. ಅದೇ ಹಳೆಯ ನೋವು, ಅದೇ ಜಾಗ. ಮೇಷ್ಟ್ರ ಪಾಠವೆಲ್ಲ ಮರೆತುಹೋಯಿತು. ನೆನಪಿಗೆ ಬಂದದ್ದು ನಿಯಮಾವಳಿ. ಅವಳು ಎಡಗೈಯಲ್ಲಿ ಸ್ಕೇಲು ತೆಗೆದು ಆತನ ಎದೆಗೆ ಆನಿಸಿದಳು.

“ಸ್ವಲ್ಪ ತಡೀರಿ. ನಲವತ್ತೆಂಟಿದೆ. ಇನ್ನೂ ಮೂರು ಸೆಂಟಿಮೀಟರ್ ಮುಂದೆ ಬರ್ಬೇಕು.”

“ಏನಂದೆ?” ಎಂದು ಆತ ಮುಂದೆ ಬಾಗಿದ.

ಆಗ ಅವಳಿಗೆ ಹೆಬ್ಬೆರಳು ಕಂಡಿತು. ಮಣಿಕಟ್ಟು ತಿರುಗಿತು, ಕೈ ಕಿತ್ತು ಬಂತು, ಅಂಗೈ ಬುಡ ಗಲ್ಲಕ್ಕೆ ತಾಗಿತು. ಜೊತೆಗೆ ಒಂದು ಕೂಗು. ಅದು ಪಕ್ಕದ ಕೋಣೆಗೂ, ಅದರಾಚೆಯ ಟಿಕೆಟ್ ಮುದ್ರಣ ಶಾಖೆಗೂ, ಎದುರಿನ ಬಸ್ ನಿಲ್ದಾಣಕ್ಕೂ ಕೇಳಿಸಿತೆಂದು ದಾಖಲೆಯಲ್ಲಿದೆ. ಆತ ಹಿಂದಕ್ಕೆ ತತ್ತರಿಸಿ, ಆ ವಾರ ಸಿಕ್ಕಿದ ಛತ್ರಿಗಳನ್ನು ಜನರು ನೋಡಲೆಂದು ಇಟ್ಟಿದ್ದ ದೊಡ್ಡ ಬುಟ್ಟಿಯೊಳಗೆ ಕುಸಿದು ಕೂತ.

ಅಕ್ಕ ಓಡಿದಳು. ಎರಡು ಬೀದಿ ದಾಟಿ ಗಂಡನ ಗಡಿಯಾರದಂಗಡಿಯಲ್ಲೇ ನಿಂತಳು.

“ಬಿಡಿಸ್ಕೊಂಡೆ ಕಣ್ರೀ!”

ಗಂಡ ಅವಳ ಮಣಿಕಟ್ಟನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ತುಂಬ ಹೊತ್ತು ನೋಡಿದ. ಮೂಳೆ ಸರಿಯಾಗಿದೆಯೆಂದು ಖಾತ್ರಿಯಾದ ಮೇಲೆ ಕೇಳಿದ: “ಅರ್ಧ ದಿನದ ರಜೆ ಬರೆದು ಬಂದ್ಯಾ?”

ಬರೆದಿರಲಿಲ್ಲ. ನೀರು ಕುಡಿದು ವಾಪಸು ಹೋದಳು.

ಅಷ್ಟರಲ್ಲಿ ವಿಚಾರಣೆ ಮುಗಿದಿತ್ತು. ಆತ ಎರಡೂ ಕೈಯಲ್ಲಿ ಗಲ್ಲ ಹಿಡಿದುಕೊಂಡಿದ್ದರಿಂದ ನಮೂನೆ ಏಳಕ್ಕೆ ಸಹಿ ಬಿದ್ದಿರಲಿಲ್ಲ.

“ಸಹಿ ಇಲ್ಲ, ಹಾಗಾಗಿ ಹಲ್ಲೆ ಆಗಿಲ್ಲ,” ಎಂದರು ಸಾಹೇಬರು. “ಹಲ್ಲೆ ಆಗಿಲ್ಲ ಅಂದ್ಮೇಲೆ ಇವರು ಹಲ್ಲೆಕೋರರಲ್ಲ. ಪೆಟ್ಟಿಗೆ ಇವರದ್ದಲ್ಲ, ಹಾಗಾಗಿ ವಾರಸುದಾರರೂ ಅಲ್ಲ. ಮತ್ತೆ ಇವರು ಯಾರು?”

ಸಾಹೇಬರು ಶಾಖೆಯ ಹಳೆಯ ಕೈಪಿಡಿ ತೆರೆದರು. ಬುಟ್ಟಿಯಲ್ಲಿ ಸಿಕ್ಕಿದ್ದನ್ನೆಲ್ಲ, ಅದು ಏನೇ ಆಗಿರಲಿ, ಕೂಡಲೇ ನೋಂದಾಯಿಸಬೇಕೆಂದು ಹನ್ನೆರಡನೇ ನಿಯಮ ಸ್ಪಷ್ಟವಾಗಿ ಹೇಳುತ್ತಿತ್ತು. ಅಕ್ಕ ಚೀಟಿ ಬರೆದು, ದೂರದಿಂದಲೇ ಕೈ ಚಾಚಿ ಆತನ ಅಂಗಿಯ ಗುಂಡಿಗೆ ಸಿಕ್ಕಿಸಿದಳು: ಸಂಖ್ಯೆ ನಾಲ್ಕು ಸಾವಿರದ ನೂರ ಹನ್ನೆರಡು. ಬಣ್ಣ ಗೋಧಿ. ಸ್ಥಿತಿ ಸಾಧಾರಣ.

ನಾಲ್ಕು ಗಂಟೆಗೆ ಸುದ್ದಿ ತಿಳಿದು ಆತನ ಹೆಂಡತಿ ಬಂದಳು. ಸಣ್ಣ ದನಿಯ, ಉದ್ದ ತೋಳಿನ ಕುಪ್ಪಸದ ಹೆಂಗಸು.

“ಗುರುತು ಹೇಳಿ,” ಎಂದಳು ಅಕ್ಕ.

“ದೊಡ್ಡ ಗಂಟಲು. ಬೇರೆಯವರನ್ನ ಮಾತು ಮುಗಿಸೋಕೆ ಬಿಡಲ್ಲ.” ಹೆಂಗಸು ಕುಪ್ಪಸದ ತೋಳನ್ನು ಬೆರಳ ತನಕ ಎಳೆದುಕೊಂಡಳು. “ಸಿಟ್ಟು ಬಂದ್ರೆ ಕೈ ಹಿಡಿದು ಹಿಂಡ್ತಾರೆ.”

ಅದು ಅಕ್ಕನ ಕಣ್ಣಿಗೆ ಬಿತ್ತು.

“ಗುರುತು ಸರಿಯಾಗಿದೆ. ಇಲ್ಲಿ ಸಹಿ ಮಾಡಿ ಕರ್ಕೊಂಡು ಹೋಗ್ಬಹುದು.”

ಹೆಂಗಸು ಪೆನ್ನು ಹಿಡಿದವಳು ಗಂಡನ ಗಲ್ಲದ ಊತವನ್ನು ಗಮನಿಸಿದಳು.

“ಇದು ಮುಂಚೆ ಇರ್ಲಿಲ್ಲ. ಯಾರು ಮಾಡಿದ್ದು?”

“ನಾನೇ.”

“ನೀವಾ?” ಅವಳು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅದನ್ನ ಕಲೀಬೇಕಾದ್ರೆ ಎಷ್ಟು ದಿನ ಬೇಕು?”

“ನನಗೆ ಆರು ವಾರ ಹಿಡೀತು. ಪ್ರತಿ ಗುರುವಾರ. ಹೊರಗಿನವರೂ ಬರಬಹುದು ಅಂತ ಮೇಷ್ಟ್ರು ಹೇಳಿದ್ದಾರೆ.”

“ಇಲ್ಲಿ ಸಿಕ್ಕಿದ ಸಾಮಾನು ಎಷ್ಟು ದಿನ ಇಟ್ಕೋತೀರಿ?”

“ಆರು ತಿಂಗಳು,” ಎಂದರು ಸಾಹೇಬರು.

ಹೆಂಗಸು ಪೆನ್ನಿಗೆ ಮುಚ್ಚಳ ಹಾಕಿ ಕೌಂಟರಿನ ಮೇಲಿಟ್ಟಳು. “ಹಾಗಿದ್ರೆ ಕಲಿತು ಮುಗಿಸಿ ಬಂದು ಬಿಡಿಸ್ಕೋತೀನಿ. ಅವಸರ ಏನಿಲ್ಲ.”

“ಅಲ್ವೇ, ನಾನು—” ಎಂದು ಆತ ಎದ್ದ.

“ನಿಯಮ ಇದೆಯಂತೆ. ಸುಮ್ನೆ ಕೂತ್ಕೊಳ್ಳಿ. ತಲೆದಿಂಬು ತಂದ್ಕೊಡ್ತೀನಿ.”

ಆತ ಸಾಹೇಬರ ಮುಖ ನೋಡಿದ. ಸಾಹೇಬರು ಕೈಪಿಡಿಯ ಮುಖ ನೋಡಿದರು. ಕೈಪಿಡಿಯಲ್ಲಿ ಆಕ್ಷೇಪಣೆಗೆ ಅವಕಾಶವಿರಲಿಲ್ಲ. ಆತ ನಿಟ್ಟುಸಿರು ಬಿಟ್ಟು, ತನ್ನನ್ನು ಯಾವ ಕಪಾಟಿನ ಹತ್ತಿರ ಇಡುತ್ತಾರೆಂದು ವಿಚಾರಿಸಿದ.

“ದೊಡ್ಡ ಸಾಮಾನು. ಕಿಟಕಿ ಪಕ್ಕ,” ಎಂದರು ಸಾಹೇಬರು.

“ಗಾಳಿ ಬರುತ್ತಲ್ಲ, ಪರವಾಗಿಲ್ಲ,” ಎಂದ ಆತ. ಎರಡು ಹೆಜ್ಜೆ ಹೋದವನು ತಿರುಗಿ ಬಂದು, ಚೀಟಿಯ ದಾರ ಸಡಿಲವಾಗಿದೆಯೆಂದು ಅಂಗಿಯ ಗುಂಡಿಯನ್ನು ಮುಂದೆ ಚಾಚಿದ. ಅಕ್ಕ ಅವನ ಹತ್ತಿರಕ್ಕೇ ಹೋಗಿ, ಎರಡೂ ಕೈಯಿಂದ ಗಂಟು ಬಿಗಿದಳು.