ಗಂಟೆ ಬಾರಿಸಿದ ಮೇಷ್ಟ್ರು

ಅಮೆರಿಕದಲ್ಲಿ ಕನ್ನಡ ಕಲಿಸಲು ಹೊರಟವನಿಗೆ ನಗೆಪಾಟಲು ತಪ್ಪಿದ್ದಲ್ಲ. ಟ್ರಾಯ್ ಅನ್ನುವ ಊರಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ, ಭಾನುವಾರ ಬೆಳಗ್ಗೆ ಒಂಬತ್ತಕ್ಕೆ, ಹದಿನೆಂಟು ಮಕ್ಕಳಿಗೆ ಕಲಿಸಲು ಹೊರಟರಂತೂ ವಾರಕ್ಕೊಂದು ಗ್ಯಾರಂಟಿ. ವಾರದ ಐದು ದಿನ ಕಾರಿನ ಬ್ರೇಕ್ ಪರೀಕ್ಷೆ ಮಾಡುವ ನಾನು ಭಾನುವಾರ ಮಾತ್ರ ಬ್ರೇಕಿಲ್ಲದೆ ಮಾತಾಡುತ್ತೇನೆ. ಇದೂ ಒಂದು ಕಾರಣ ಇರಬಹುದು.

ಮೇಷ್ಟ್ರು, ಮೈಸ್ಟರ್

ಇಲ್ಲಿಯ ಮಕ್ಕಳಿಗೆ ಮೀಸೆ ಇದ್ದವರೆಲ್ಲ ಅಂಕಲ್. ನನ್ನ ಕ್ಲಾಸಿನಲ್ಲಿ ಅದು ನಡೆಯುವುದಿಲ್ಲ, 'ಮೇಷ್ಟ್ರೇ' ಅನ್ನಬೇಕು ಅಂತ ಮೊದಲ ದಿನವೇ ಕಟ್ಟಪ್ಪಣೆ ಮಾಡಿದೆ. ಹದಿನೆಂಟು ಗಂಟಲು ಒಟ್ಟಿಗೆ "ಮೇಷ್ಟ್ರೇ!" ಅಂತ ಕೂಗಿದವು.

ಮೆಟ್ಟಿಲಿಳಿದು ಬರುತ್ತಿದ್ದ ಪಾದ್ರಿಗಳು ಅಲ್ಲೇ ನಿಂತರು. ಎಂಬತ್ತರ ಹತ್ತಿರದ ವಯಸ್ಸು, ಜರ್ಮನ್ ಮೂಲದವರು.

"ನಿಮ್ಮ ಮಕ್ಕಳಿಗೆ ಜರ್ಮನ್ ಬರುತ್ತದೆಯೇ?"

"ಇಲ್ಲ, ಇದು ಕನ್ನಡ."

"ಅಲ್ಲ, ಈಗ ಮೈಸ್ಟರ್ ಅಂದರಲ್ಲ! ನಮ್ಮಜ್ಜನ ಊರಲ್ಲಿ ಶಾಲೆಯ ಗುರುವಿಗೆ ಹಾಗೇ ಅನ್ನುತ್ತಿದ್ದುದು."

ನನ್ನ ಕೈ ಹಿಡಿದು ಗೋಡೆಯ ಚಿತ್ರದ ಮುಂದೆ ಎಳೆದುಕೊಂಡು ಹೋದರು. ಕಪ್ಪು ನಿಲುವಂಗಿ, ಕತ್ತಿನ ಸುತ್ತ ನೆರಿಗೆ ನೆರಿಗೆಯ ಬಿಳಿ ಪಟ್ಟಿ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಬೆತ್ತ. ನಾನೂರು ವರ್ಷದ ಹಿಂದೆ ಜರ್ಮನಿಯ ಹಳ್ಳಿಯೊಂದರಲ್ಲಿ ವಾರವೆಲ್ಲ ಪಾಠ ಹೇಳಿ ಭಾನುವಾರ ಪಾದ್ರಿಯಾಗುತ್ತಿದ್ದ ಮಹಾನುಭಾವರಂತೆ. ಚರ್ಚಿನ ಗಂಟೆ ಎಳೆಯುವುದೂ ಅವರದೇ ಕೆಲಸವಂತೆ.

ನನಗೆ ರೋಮಾಂಚನವಾಯಿತು. ವಾರವೆಲ್ಲ ಒಂದು ಕೆಲಸ, ಭಾನುವಾರ ಇನ್ನೊಂದು. ಸಾಕ್ಷಾತ್ ನಾನೇ! ಮನೆಗೆ ಓಡಿಬಂದು ಹೆಂಡತಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಬೀನ್ಸ್ ಮುರಿಯುತ್ತಾ, "ಪಾಪ, ಅವರ ಹೆಂಡ್ತಿ ಭಾನುವಾರದ ತರಕಾರಿ ಯಾರ ಕೈಲಿ ತರಿಸ್ತಿದ್ಳೋ!" ಅಂದಳು.

ಹಾರ

ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಮೈಸೂರಿನವರು. ಓಕ್ ಬ್ರೂಕಿನ ಮಗನ ಮನೆಯಲ್ಲಿ ಮೂರು ತಿಂಗಳಿದ್ದು, ಟ್ರಾಯ್‌ನ ಮಗಳ ಮನೆಗೆ ಬಂದಿದ್ದರು. ಮೊಮ್ಮಗಳನ್ನು ಕರೆದುಕೊಂಡು ಬಂದವರು ಚಿತ್ರದ ಮುಂದೆ ಕೈಮುಗಿದು ನಿಂತರು.

"ಯಾರಪ್ಪಾ ಇವ್ರು?"

"ದೊಡ್ಡ ಮೇಷ್ಟ್ರು, ಅಜ್ಜಿ. ಪಾದ್ರಿಗಳೂ ಅವರೇ."

"ಇದಾರಾ?"

"ಇಲ್ಲ, ಹೋಗ್ಬಿಟ್ರು."

ನಾನು ಪಾಠ ಮುಗಿಸಿ ಬರುವಷ್ಟರಲ್ಲಿ ಚಿತ್ರಕ್ಕೆ ಬಟ್ಟೆ ಹೂವಿನ ಹಾರ ಬಿದ್ದಿತ್ತು, ಗಾಜಿನ ಮೇಲೆ ಹಣೆಯ ಜಾಗಕ್ಕೆ ಸರಿಯಾಗಿ ಕುಂಕುಮ. ಎದುರಿಗೆ ಚರ್ಚಿನ ಕಮಿಟಿಯ ಅಧ್ಯಕ್ಷೆ, ಹಾರವನ್ನೊಮ್ಮೆ ಕುಂಕುಮವನ್ನೊಮ್ಮೆ ನೋಡುತ್ತಿದ್ದಾರೆ.

"ಅಜ್ಜೀ, ಏನು ಮಾಡಿದ್ರಿ? ಅವರು ಹೋಗಿ ನಾನೂರು ವರ್ಷ ಆಯ್ತು!"

ಅಜ್ಜಿ ಅಧ್ಯಕ್ಷೆಯ ಕಡೆ ತಿರುಗಿ, "ನಾನೂರು ವರ್ಷದಿಂದ ಒಂದು ಹಾರ ಹಾಕೋ ಜನ ಇರ್ಲಿಲ್ವೇನಮ್ಮಾ?" ಅಂತ ಗದರಿದರು.

ಗಂಟೆ

ಹಾರದಿಂದ ಕಮಿಟಿಗೆ ಬಂದ ಸಿಟ್ಟಿನ ಬಿಸಿ ನಮಗೆ ತಟ್ಟಿತು. ನಮ್ಮ ಕೋಣೆಗೆ ಯೋಗ ಕ್ಲಾಸಿನವರೂ ಅರ್ಜಿ ಹಾಕಿದ್ದರು. ಕೊಡುವುದು ಯಾರಿಗೆ ಅಂತ ಕಮಿಟಿ ತೀರ್ಮಾನಿಸಬೇಕು. ಕೋಣೆ ಹೋದರೆ ನಮ್ಮ ಕನ್ನಡ ಶಾಲೆಗೆ ಬೀಗವೇ ಗತಿ. ಪಾದ್ರಿಗಳೇ ದಾರಿ ತೋರಿಸಿದರು: "ಮುಂದಿನ ತಿಂಗಳು ನಮ್ಮ ಮೈಸ್ಟರ್ ಸ್ಮರಣೆಯ ದಿನ. ನಿಮ್ಮ ಮಕ್ಕಳು ಅವರ ಬಗ್ಗೆ ನಾಲ್ಕು ಮಾತಾಡಲಿ. ಕಮಿಟಿಯ ಮನಸ್ಸು ಕರಗುತ್ತದೆ."

ನಾನು ಉತ್ಸಾಹದಲ್ಲಿ ನೆಲದ ಮೇಲಿರಲಿಲ್ಲ. ಕನ್ನಡದಲ್ಲಿ ಭಾಷಣ ಬರೆದು ಅಜ್ಜಿಯ ಮೊಮ್ಮಗಳಿಗೆ ಕೊಟ್ಟೆ. "ಇಂಗ್ಲಿಷಿಗೆ ನೀನೇ ಮಾಡು ಪುಟ್ಟೀ, ಆಗಲೇ ಭಾಷೆ ಬರೋದು" ಅಂದೆ. ಅವಳು ಮಾಡಿದ್ದನ್ನು ಒಮ್ಮೆ ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಆ ದಿನ ಚರ್ಚು ತುಂಬಿತ್ತು. ಹುಡುಗಿ ಮೊದಲು ಕನ್ನಡದಲ್ಲಿ ಸ್ಪಷ್ಟವಾಗಿ ಓದಿದಳು: "ಮೇಷ್ಟ್ರು ಪ್ರತಿ ಭಾನುವಾರ ಪ್ರಾರ್ಥನೆಗೆ ಮುಂಚೆ ಗಂಟೆ ಬಾರಿಸುತ್ತಿದ್ದರು."

ಅವಳಿಗೆ ಗಂಟೆ ಗೊತ್ತಿದ್ದದ್ದು 'ಎಷ್ಟು ಗಂಟೆ' ಅನ್ನುವುದರಿಂದ. ಬಾರಿಸುವುದು ಗೊತ್ತಿದ್ದದ್ದು ಅಜ್ಜಿಯ 'ಎರಡು ಬಾರಿಸ್ತೀನಿ ನೋಡು' ಅನ್ನುವುದರಿಂದ. ಎರಡನ್ನೂ ಸೇರಿಸಿ ತಾನು ಮಾಡಿಟ್ಟಿದ್ದ ಇಂಗ್ಲಿಷನ್ನು ಮೈಕಿನಲ್ಲಿ ಓದಿದಳು:

"ಎವೆರಿ ಸಂಡೇ, ಬಿಫೋರ್ ಪ್ರೇಯರ್, ಹೀ ಹಿಟ್ ಪೀಪಲ್ ಫಾರ್ ಒನ್ ಅವರ್."

ಅಧ್ಯಕ್ಷೆ ಕನ್ನಡಕ ತೆಗೆದರು. ಮುಗಿಯಿತು, ಯೋಗದವರು ಚಾಪೆ ಹಾಸಿದ ಹಾಗೇ ಅಂದುಕೊಂಡೆ.

ಪಾದ್ರಿಗಳು ನಿಧಾನವಾಗಿ ಎದ್ದು, ಅಂದು ಮೇಲೆ ತಂದಿಟ್ಟಿದ್ದ ಚಿತ್ರದ ಹತ್ತಿರ ಹೋಗಿ, ಬೆತ್ತದ ಮೇಲೆ ಬೆರಳಿಟ್ಟರು. "ನಾವು ಇಷ್ಟು ವರ್ಷ ಪುಸ್ತಕದ ಕೈಯನ್ನೇ ಹೊಗಳಿದೆವು. ಈ ಕೈಯನ್ನು ನೋಡಿದವಳು ಇವಳೊಬ್ಬಳೇ!"

ಚರ್ಚು ಬಿದ್ದು ಬಿದ್ದು ನಕ್ಕಿತು. ನಾನು ಮೈಕ್ ಕಸಿದುಕೊಂಡು, ಅದು ಚರ್ಚಿನ ಗಂಟೆ, ಹೊಡೆತವಲ್ಲ ಅಂತ ಬಿಡಿಸಿ ಹೇಳಿದ ಮೇಲೆ ಇನ್ನೂ ನಕ್ಕಿತು. ಅಧ್ಯಕ್ಷೆ ಕಣ್ಣೊರೆಸಿಕೊಳ್ಳುತ್ತಾ, "ಕೋಣೆ ನಿಮ್ಮದೇ. ಆದರೆ ಒಂದು ಷರತ್ತು. ನಮ್ಮ ಗಂಟೆ ಎಳೆಯುವವರಿಗೆ ಮಂಡಿನೋವು. ಇನ್ನು ಮೇಲೆ ಆ ಕೆಲಸ ನಿಮ್ಮದು" ಅಂದರು. ನನಗೆ ಕುಣಿಯುವುದೊಂದು ಬಾಕಿ.

ಮುಂದಿನ ಭಾನುವಾರ ಪಾಠ ಮುಗಿಸಿ, ಹತ್ತೂವರೆಗೆ ಹಗ್ಗ ಹಿಡಿದು ಜಗ್ಗಿದೆ. ಮೇಲೆ ಗಂಟೆ ಢಣ್ ಅಂತು, ಕೆಳಗೆ ನನ್ನ ಭುಜ ಕಟಕ್ ಅಂತು. ಆದರೂ ಎದೆಯುಬ್ಬಿಸಿ ಪಕ್ಕದಲ್ಲಿದ್ದ ಅಜ್ಜಿಗೆ ಹೇಳಿದೆ: "ನೋಡಿದ್ರಾ ಅಜ್ಜೀ, ಪಾಠವೂ ನಾನೇ, ಗಂಟೆಯೂ ನಾನೇ. ಥೇಟ್ ಆ ದೊಡ್ಡ ಮೇಷ್ಟ್ರ ಹಾಗೇ!"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಕ್ಕರೆಯಿಂದ ಅಂದರು: "ಹೌದಪ್ಪಾ. ನಿಮ್ದೂ ಒಂದು ಒಳ್ಳೇ ಫೋಟೋ ಕೊಟ್ಟಿರಿ. ನನ್ನ ಬ್ಯಾಗಲ್ಲಿ ಇನ್ನೊಂದು ಹಾರ ಇದೆ."